ಬೆಟ್ಟವಿಲ್ಲದ ಊರಿನ ಟೀಚರು

ನ್ಯೂಜಿಲೆಂಡಿನ ರಾಜಧಾನಿ ವೆಲಿಂಗ್ಟನ್ನಿಗೆ ತಾಗಿದಂತೆಯೇ ಹಟ್ ಕಣಿವೆಯಿದೆ. ಎರಡೂ ಕಡೆ ಗುಡ್ಡಸಾಲು, ನಡುವೆ ಹೊಳೆ, ಹೊಳೆಯ ಇಕ್ಕೆಲಗಳಲ್ಲಿ ತಗಡಿನ ಮಾಡಿನ ಮರದ ಮನೆಗಳು. 2019ರ ಅಕ್ಟೋಬರಿನಲ್ಲಿ ತೀರ್ಥಹಳ್ಳಿಯಿಂದ ಅಲ್ಲಿನ ಮಗಳ ಮನೆಗೆ ಹೋದೆ. ಮೂವತ್ತೈದು ವರ್ಷ ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿದ್ದ ನನಗೆ ಇನ್ನಾದರೂ ಶಾಲೆಯ ಸಹವಾಸ ತಪ್ಪಿತು ಎಂಬ ನೆಮ್ಮದಿಯಿತ್ತು. ಅದೂ ತಪ್ಪಲಿಲ್ಲ. ಮಗಳ ಮನೆಯ ಹಿಂಬದಿಯ ಕೋಣೆಯಲ್ಲಿ ಇಪ್ಪತ್ತೆರಡರ ಪ್ರಾಯದ ಅಮೆರಿಕದ ಹುಡುಗಿಯೊಬ್ಬಳು ಬಾಡಿಗೆಗಿದ್ದಳು. ಇಂಡಿಯಾನಾ ರಾಜ್ಯದ ಹಳ್ಳಿಯೊಂದರವಳು. ಟೀಚರ್ ಆಗಲು ಓದುತ್ತಿದ್ದವಳು ಎಂಟು ವಾರಗಳ ಪಾಠಾಭ್ಯಾಸಕ್ಕೆಂದು ನನ್ನ ಮೊಮ್ಮಗಳ ಶಾಲೆಗೇ ಬಂದಿದ್ದಳು.

ನಾವು ಟಿ.ಸಿ.ಎಚ್. ಓದುವಾಗ ಪಾಠ ಟಿಪ್ಪಣಿ, ಬಣ್ಣದ ಚಾರ್ಟು ಹಿಡಿದು ಪಕ್ಕದ ಊರಿನ ಶಾಲೆಗೆ ಹೋಗಿ, ಹಿಂದಿನ ಸಾಲಿನಲ್ಲಿ ಕೂತ ಪರೀಕ್ಷಕರ ಮುಖ ನೋಡಿ ಬೆವರುತ್ತಿದ್ದೆವು. ಈಕೆ ಸಮುದ್ರ ದಾಟಿ ಬಂದು ಬೆವರುತ್ತಿದ್ದಳು, ಅಷ್ಟೇ ವ್ಯತ್ಯಾಸ. ಅಮೆರಿಕದಲ್ಲಿ ಇದೇನೂ ಹೊಸ ಪದ್ಧತಿಯಲ್ಲ. ಇಂಡಿಯಾನಾ ವಿಶ್ವವಿದ್ಯಾಲಯ 1970ರ ದಶಕದಲ್ಲೇ ಇಂಥ ಏರ್ಪಾಡು ಆರಂಭಿಸಿತ್ತು. ಮೊದಲು ತಮ್ಮ ರಾಜ್ಯದ ಶಾಲೆಯಲ್ಲಿ ಕಲಿಸಿ, ಆಮೇಲೆ ಕೆಲವು ವಾರ ಹೊರದೇಶದ ಶಾಲೆಯಲ್ಲಿ ಕಲಿಸಬೇಕು.

ಅಕ್ಟೋಬರಿನಲ್ಲಿ ವಸಂತ

ಅಲ್ಲಿನ ಶಾಲೆ ನೋಡಿದರೆ ನಮ್ಮವರಿಗೆ ಸೋಜಿಗವಾಗುತ್ತದೆ. ಸಾಮಾನ್ಯವಾಗಿ ಮಗು ಐದನೆಯ ಹುಟ್ಟುಹಬ್ಬ ಮುಗಿದ ಕೂಡಲೇ ಶಾಲೆ ಸೇರುತ್ತದೆ, ಜೂನ್ ತಿಂಗಳಿಗೆ ಕಾಯಬೇಕಿಲ್ಲ. ಶಾಲಾ ವರ್ಷ ಫೆಬ್ರವರಿಯ ಸುಮಾರಿಗೆ ಶುರುವಾಗಿ ಡಿಸೆಂಬರಿನಲ್ಲಿ ಮುಗಿಯುತ್ತದೆ. ಶ್ರೀಮಂತ ದೇಶವಾದರೂ ಬರಿಗಾಲಲ್ಲಿ ಓಡುವ ಮಕ್ಕಳು ಬೇಕಾದಷ್ಟು. ತಲೆಗೆ ಮಾತ್ರ ಅಗಲದ ಟೋಪಿ ಇರಲೇಬೇಕು, ಅಲ್ಲಿನ ಬಿಸಿಲು ಅಷ್ಟು ಚುರುಕು. ಪಾಠದ ಹೊತ್ತಿಗೆ ಎಲ್ಲರೂ ನೆಲದ ಚಾಪೆಯ ಮೇಲೆ ಟೀಚರ ಸುತ್ತ ಕೂರುತ್ತಾರೆ. ಟೀಚರನ್ನು ಹೆಸರು ಹಿಡಿದೇ ಕರೆಯುತ್ತಾರೆ, ಇಲ್ಲವೇ 'ಫಾಯ' ಎನ್ನುತ್ತಾರೆ. ಮಾವೊರಿ ಭಾಷೆಯಲ್ಲಿ ಹಾಗೆಂದರೆ ತಾಯಿ, ಚಿಕ್ಕಮ್ಮ. ನಮ್ಮ ಹಳ್ಳಿ ಮಕ್ಕಳು 'ಅಕ್ಕೋರೇ' ಎನ್ನುವುದಿಲ್ಲವೇ, ಹಾಗೆ.

ನಮ್ಮ ಅತಿಥಿಯ ಮೊದಲ ಪಾಠ ಋತುಗಳನ್ನು ಕುರಿತದ್ದು. ಊರಿನಿಂದ ತಂದಿದ್ದ ಕೆಂಪು, ಹಳದಿ ಎಲೆಗಳ ಚಿತ್ರ ಹಿಡಿದು, 'ಅಕ್ಟೋಬರಿನಲ್ಲಿ ಎಲೆ ಉದುರುತ್ತದೆ' ಎಂದು ಆರಂಭಿಸಿದಳು. ಏಳೆಂಟು ವರ್ಷದ ಮಕ್ಕಳು ಕಿಟಕಿಯ ಹೊರಗೆ ನೋಡಿದರು. ಅಲ್ಲಿ ಮರಗಳೆಲ್ಲ ಚಿಗುರಿ ನಿಂತಿದ್ದವು. 'ಫಾಯ, ಈಗ ವಸಂತ' ಎಂದ ಒಬ್ಬ ಪೋರ. ಮಧ್ಯಾಹ್ನದ ಸೂರ್ಯ ದಕ್ಷಿಣದ ಕಡೆಗಿರುತ್ತಾನೆ ಎಂದಳು. ಅಲ್ಲಿ ಅವನಿರುವುದು ಉತ್ತರಕ್ಕೆ. ಇಂಗ್ಲಿಷ್ ವರ್ಣಮಾಲೆಯ ಕೊನೆಯ ಅಕ್ಷರವನ್ನು 'ಜೀ' ಎಂದಳು. ಇಡೀ ತರಗತಿ 'ಜೆಡ್!' ಎಂದು ಕೂಗಿತು. ರಾತ್ರಿ ಊಟದ ಮೇಜಿನಲ್ಲಿ ಇದನ್ನೆಲ್ಲ ಹೇಳಿಕೊಂಡು ಅವಳೇ ನಗುತ್ತಿದ್ದಳು. ಮೊಮ್ಮಗಳು ನನ್ನನ್ನು ಅಜ್ಜ ಎನ್ನುವುದನ್ನು ಕೇಳಿ ಅವಳೂ ಅಜ್ಜ ಎಂದೇ ಕರೆಯುತ್ತಿದ್ದಳು.

ಒಂದು ಸಂಜೆ ಮಾತ್ರ ನಗಲಿಲ್ಲ. ಅನ್ನ ಸಾರು ತಟ್ಟೆಯಲ್ಲೇ ಆರುತ್ತಿತ್ತು.

ಹೆಸರು ಕೂಗುವಾಗ

ಹಾಜರಿ ಕೂಗುವಾಗ ಮಾವೊರಿ ಹುಡುಗಿಯೊಬ್ಬಳ ಹೆಸರಿನಲ್ಲಿ ಅವಳು ಎಡವಿದ್ದಳು. ಆ ಮಗುವಿನ ಹೆಸರು ಇಲ್ಲಿ ಬೇಡ. ಅದರ ಮೊದಲ ಅಕ್ಷರವನ್ನು ಇಂಗ್ಲಿಷಿನಲ್ಲಿ 'ಎನ್' ಮತ್ತು 'ಜಿ' ಸೇರಿಸಿ ಬರೆಯುತ್ತಾರೆ. ಎರಡು ಸಲ ಪ್ರಯತ್ನಿಸಿ, ಆಗದೆ, 'ನಿನ್ನನ್ನು ಕರೆಯಲು ಇನ್ನೇನಾದರೂ ಸುಲಭದ ಹೆಸರಿದೆಯೇ?' ಎಂದು ಪ್ರೀತಿಯಿಂದಲೇ ಕೇಳಿದ್ದಳು. ಹುಡುಗಿ ಉತ್ತರ ಕೊಡಲಿಲ್ಲ. ಮರುದಿನ ಹಾಜರಿಗೂ ಓಗೊಡಲಿಲ್ಲ, ಅದರ ಮರುದಿನವೂ ಇಲ್ಲ.

ತರಗತಿಯ ಹಿರಿಯ ಶಿಕ್ಷಕಿ ಗದರಲಿಲ್ಲವಂತೆ. ಕೂರಿಸಿಕೊಂಡು ಆ ನೆಲದ ಕತೆ ಹೇಳಿದರಂತೆ. 1867ರ ಕಾನೂನಿನ ಪ್ರಕಾರ ಮಾವೊರಿ ಮಕ್ಕಳ ಶಾಲೆಗಳಲ್ಲೂ ಇಂಗ್ಲಿಷಿನಲ್ಲೇ ಕಲಿಸಬೇಕಾಯಿತು. ಮುಂದೆ ಶಾಲೆಯಲ್ಲಿ ತಾಯ್ನುಡಿ ಆಡಿದ್ದಕ್ಕೇ ಏಟು ತಿಂದ ಮಕ್ಕಳೆಷ್ಟೋ. ಅವರು ದೊಡ್ಡವರಾದ ಮೇಲೆ, ನಮ್ಮ ಪಾಡು ಇವಕ್ಕೆ ಬೇಡವೆಂದು, ತಮ್ಮ ಮಕ್ಕಳೊಂದಿಗೆ ಆ ಭಾಷೆ ಆಡುವುದನ್ನೇ ಬಿಟ್ಟರು. 1972ರಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಸಹಿ ಹಾಕಿದ ಮನವಿ ಪಾರ್ಲಿಮೆಂಟಿಗೆ ಹೋಯಿತು, ಶಾಲೆಗಳಲ್ಲಿ ನಮ್ಮ ಭಾಷೆ ಕಲಿಸಿ ಎಂದು. 1982ರಲ್ಲಿ, ಇದೇ ಹಟ್ ಕಣಿವೆಯಿಂದ ಒಂದು ಗುಡ್ಡ ದಾಟಿದರೆ ಸಿಗುವ ವೈನುಇಓಮಾಟಾದಲ್ಲಿ, ಅಜ್ಜಿಯರು ಮಾವೊರಿಯಲ್ಲೇ ಮಾತಾಡಿಸುತ್ತ ಎಳೆಯರನ್ನು ಬೆಳೆಸುವ ಮೊದಲ 'ಭಾಷೆಯ ಗೂಡು' ತೆರೆಯಿತು. 1987ರಲ್ಲಿ ಮಾವೊರಿ ಅಧಿಕೃತ ಭಾಷೆಯಾಯಿತು. ಅಷ್ಟು ದೂರ ನಡೆದು ಬಂದ ಹೆಸರನ್ನು ಈಕೆ 'ಸುಲಭ' ಮಾಡಲು ಹೋಗಿದ್ದಳು.

'ಅಜ್ಜ, ಆ ಸದ್ದು ನನ್ನ ಬಾಯಿಗೇ ಬರುವುದಿಲ್ಲ' ಎಂದಳು, ಕಣ್ಣು ತುಂಬಿತ್ತು.

ನಾನು ಕಾಗದ ತೆಗೆದು 'ಙ' ಎಂದು ಬರೆದೆ. ಕ ಖ ಗ ಘ ಙ ಎಂದು ಸಾವಿರಾರು ಮಕ್ಕಳಿಗೆ ಬಾಯಿಪಾಠ ಮಾಡಿಸಿದವನು ನಾನು. 'ಮೇಷ್ಟ್ರೇ, ಈ ಅಕ್ಷರದಿಂದ ಒಂದು ಪದ ಹೇಳಿ' ಎಂದು ಮಕ್ಕಳು ಕೇಳಿದಾಗಲೆಲ್ಲ ಮುಂದಿನ ಸಾಲಿಗೆ ಜಾರಿಕೊಳ್ಳುತ್ತಿದ್ದೆ. ಆ ಅಕ್ಷರದಿಂದ ಶುರುವಾಗುವ ಪದಗಳು ಭೂಮಿಯ ಮೇಲಿವೆ, ಹಾಗೆ ಶುರುವಾಗುವ ಹೆಸರಿನ ಮಗುವೂ ಇದೆ ಎಂದು ತಿಳಿದದ್ದು ಆ ಸಂಜೆಯೇ. 'ಇಂಗ್ಲಿಷಿನ ಸಿಂಗರ್ ಎನ್ನು ನೋಡೋಣ ಮಗೂ' ಎಂದೆ. ಅಂದಳು. 'ಈಗ ಸಿ ನುಂಗಿಬಿಡು, ಉಳಿದದ್ದನ್ನಷ್ಟೇ ಹೇಳು.' ಇಪ್ಪತ್ತು ಸಲ ನಕಾರವಾಯಿತು, ಗಕಾರವಾಯಿತು. ಮೊಮ್ಮಗಳು ನಕ್ಕೂ ನಕ್ಕೂ ಕುರ್ಚಿಯಿಂದ ಬಿದ್ದಳು. ರಾತ್ರಿ ಹತ್ತರ ಹೊತ್ತಿಗೆ ಮೂಗಿನೊಳಗಿಂದ ಸರಿಯಾದ ಒಂದು ಙಕಾರ ಹೊರಬಂತು.

ಅವಳಿಗೆ ಒಂದು ಮಾತು ಹೇಳಬಹುದಿತ್ತು, ಹೇಳಲಿಲ್ಲ. ನಾನೂ ಹೀಗೆ ಮಾಡಿದವನೇ. ಶಾಲೆಗೆ ಸೇರಿಸಲು ಬಂದ ಬಡವರ ಮಕ್ಕಳಿಗೆಲ್ಲ ಜೂನ್ ಒಂದನೇ ತಾರೀಖನ್ನು ಹುಟ್ಟಿದ ದಿನವೆಂದು ಬರೆದುಕೊಂಡಂತೆಯೇ, ಕರಿಯನನ್ನು ಕೃಷ್ಣಮೂರ್ತಿಯೆಂದೂ ಕೆಂಚಿಯನ್ನು ಕಾಂಚನಾ ಎಂದೂ ರಿಜಿಸ್ಟರಿಗೆ ಏರಿಸಿದ್ದೇನೆ. ಉಪಕಾರ ಮಾಡಿದೆ ಎಂದೇ ನಂಬಿದ್ದೆ. ಅಪ್ಪಂದಿರು ಕೈಮುಗಿದು ಹೋಗುತ್ತಿದ್ದರು.

ನಿನ್ನ ಬೆಟ್ಟ ಯಾವುದು?

ಶುಕ್ರವಾರದ ಸಭೆಗೆ ನಾನೂ ಹೋಗಿದ್ದೆ. ಹೊಸಬರು ಅಲ್ಲಿ 'ಪೆಪೆಹಾ' ಹೇಳಬೇಕು, ಅಂದರೆ ತಮ್ಮ ಪರಿಚಯ. ಮೊದಲು ನನ್ನ ಬೆಟ್ಟ ಇಂಥದು, ನನ್ನ ನದಿ ಇಂಥದು, ನನ್ನ ಜನ ಇಂಥವರು. ಕಟ್ಟಕಡೆಗೆ ತನ್ನ ಹೆಸರು. ನಮ್ಮ ಕಡೆಯ ಹಿರಿಯರೂ ಹಾಗೆಯೇ, ಯಾವೂರು, ಯಾರ ಮನೆ ಎಂದು ಕೇಳಿದ ಮೇಲಲ್ಲವೇ ಹೆಸರಿನ ವಿಚಾರ.

ಹುಡುಗಿಯ ಕಷ್ಟವೆಂದರೆ ಅವಳ ಊರಿನಲ್ಲಿ ಬೆಟ್ಟವಿಲ್ಲ. ಇಂಡಿಯಾನಾದ ಅತಿ ಎತ್ತರದ ಜಾಗವೇ ಸಮುದ್ರ ಮಟ್ಟದಿಂದ 383 ಮೀಟರು, ಅದನ್ನೂ ಅವಳು ಕಂಡಿರಲಿಲ್ಲ. ನೋಡದ ಬೆಟ್ಟವನ್ನು ನನ್ನದೆನ್ನಲೇ ಎಂದು ಹಿಂದಿನ ರಾತ್ರಿ ಕೇಳಿದ್ದಳು. ಬೇಡ ಎಂದಿದ್ದೆ.

ಎದ್ದು ನಿಂತು ಹೇಳಿದಳು: 'ನನ್ನ ಊರಿಗೆ ಬೆಟ್ಟವಿಲ್ಲ. ಕಣ್ಣು ಹಾಯುವಷ್ಟೂ ಜೋಳದ ಹೊಲ. ದೂರದಿಂದ ಬರುವವರಿಗೆ ಮೊದಲು ಕಾಣುವುದು ಜೋಳ ತುಂಬಿಡುವ ಕಣಜ. ನನ್ನ ನದಿ ವಾಬ್ಯಾಷ್.' ಆಮೇಲೆ ತರಗತಿಯ ಮಕ್ಕಳ ಹೆಸರುಗಳನ್ನು ಒಂದೊಂದಾಗಿ ನೆನಪಿನಿಂದಲೇ ಹೇಳಿ, ಇವರು ಈಗ ನನ್ನ ಜನ ಎಂದಳು. ಙಕಾರದ ಹೆಸರು ಬಂದಾಗ ನಾನು ಉಸಿರು ಬಿಗಿಹಿಡಿದಿದ್ದೆ. ಸರಿಯಾಗಿ ಬಂತು.

ಒಬ್ಬರು ಮಾತಾಡಿ ಮುಗಿಸಿದ ಮೇಲೆ, ನಿನ್ನ ಜೊತೆಗೆ ನಾವಿದ್ದೇವೆ ಎಂಬಂತೆ ಉಳಿದವರು ಎದ್ದು ಹಾಡುವುದು ಮಾವೊರಿಗಳ ಕ್ರಮ. ಅಂದು ಮೊದಲು ಎದ್ದು ನಿಂತವಳು ಆ ಹುಡುಗಿಯೇ. ಬೆನ್ನಿಗೇ ಇಡೀ ಶಾಲೆ ಎದ್ದಿತು. ನನ್ನ ಸರದಿ ಬಂದಾಗ ಕುಂದಾದ್ರಿ, ತುಂಗೆ ಎಂದಷ್ಟೇ ಹೇಳಿ ಕೂತೆ, ಗಂಟಲು ಕಟ್ಟಿತ್ತು.

ಊರಿಗೆ ಮರಳಿದ ಮೇಲೆ ಒಂದು ದಿನ ಪೇಟೆಯಲ್ಲಿ ಹಳೆಯ ಶಿಷ್ಯನೊಬ್ಬ ಸಿಕ್ಕಿದ. ಮೀಸೆ ನರೆತಿತ್ತು. ಅವನ ಹೆಸರು ಬದಲಾಯಿಸಿದ್ದು ನಾನೇ. ಸಂಕೋಚದಿಂದಲೇ, 'ತಪ್ಪಾಯ್ತೇನೋ ಮಾರಾಯ' ಎಂದೆ. ಅವನು ಗಟ್ಟಿಯಾಗಿ ನಕ್ಕ.

'ಈಗೆಂಥದು ಬಿಡಿ ಮೇಷ್ಟ್ರೇ, ಆಧಾರ್ ಕಾರ್ಡಲ್ಲೂ ನೀವು ಬರೆದದ್ದೇ ಇದೆ.' ಚೀಲ ಎತ್ತಿಕೊಂಡು ಎರಡು ಹೆಜ್ಜೆ ಹೋದವನು ತಿರುಗಿ ನಿಂತ. 'ಅವ್ವ ಇರೋ ತನಕ ಮಾತ್ರ ಹಳೇ ಹೆಸರಲ್ಲೇ ಕೂಗ್ತಿದ್ಲು. ಈಗ ಹಾಗೆ ಕರೆಯೋರು ಯಾರೂ ಇಲ್ಲ.'