ರೊಟ್ಟಿ ಎಲ್ಲಿ ಬಡಿತಾರಂತ ಕೇಳ್ರಿ

ನಮ್ಮ ಗೋಕಾಕ-ಹುಕ್ಕೇರಿ ಭಾಗಕ್ಕೆ ಬಂದ ಪರಊರಿನವರು ಬಸ್‌ಸ್ಟ್ಯಾಂಡಿನಲ್ಲಿ ಇಳಿದು "ಇಲ್ಲಿ ಚಲೋ ಹೋಟೆಲ್ ಎಲ್ಲೈತ್ರಿ?" ಎಂದು ಕೇಳಿದರೆ ಅವರಿಗೆ ಚಲೋ ಊಟ ಸಿಗುವುದು ಕಷ್ಟ. ಹೇಳಿದವರು ಸುಳ್ಳು ಹೇಳಿರುವುದಿಲ್ಲ. ಮನೆಗೆ ಬೀಗರು ಬಂದರೆ ರೊಟ್ಟಿ ಬದಿಗಿಟ್ಟು ಹೋಳಿಗೆಗೆ ಕಡಲೆಬೇಳೆ ಬೇಯಲು ಇಡುವ ಜನ ನಾವು. ಅದೇ ಮರ್ಯಾದೆಯಿಂದ ಪರಊರಿನವರನ್ನು 'ಫ್ಯಾಮಿಲಿ ರೂಮ್' ಇರುವ, ಗಾಜಿನ ಬಾಗಿಲಿನ ಹೋಟೆಲಿಗೆ ಕಳಿಸುತ್ತೇವೆ. ಅಲ್ಲಿ ಸಿಗುವ ಪನೀರು, ನಾನ್, ಗೋಬಿ ಮಂಚೂರಿ ಹುಬ್ಬಳ್ಳಿಯಲ್ಲೂ ಸಿಗುತ್ತವೆ, ಪುಣೆಯಲ್ಲೂ ಸಿಗುತ್ತವೆ. ನಾವು ದಿನಾ ಉಣ್ಣುವ ಖಾನಾವಳಿ ಮಾತ್ರ ಪಾವಣ್ಯಾರಿಗೆ ತಕ್ಕದ್ದಲ್ಲ ಎಂದು ನಮ್ಮಷ್ಟಕ್ಕೆ ನಾವೇ ತೀರ್ಮಾನಿಸಿರುತ್ತೇವೆ. ಈ ಸಂಕೋಚವನ್ನು ನಾವು ಬಿಡಬೇಕು ಎಂದು ನನಗೆ ಬಹಳ ದಿನದಿಂದ ಅನಿಸಿದೆ.

ಬರುವವರಿಗೂ ಒಂದು ಮಾತು. ಹೋಟೆಲ್ ಕೇಳಬೇಡಿ, ಉಣಿಸು ಕೇಳಿ. ಗೋಕಾಕದಲ್ಲಾಗಲಿ, ಮೂಡಲಗಿಯಲ್ಲಾಗಲಿ, ಹುಕ್ಕೇರಿಯಲ್ಲಾಗಲಿ, "ಯಣ್ಣಾ, ಬಿಸಿ ರೊಟ್ಟಿ ಎಲ್ಲಿ ಬಡಿತಾರ್ರೀ?" ಎಂದು ನೋಡಿ. ಕೇಳಿಸಿಕೊಂಡವನ ಮುಖವೇ ಬೇರೆಯಾಗುತ್ತದೆ. ಒಂದು ಕ್ಷಣ ಯೋಚಿಸುತ್ತಾನೆ, ಪಕ್ಕದವನನ್ನೂ ಕರೆದು ಕೇಳುತ್ತಾನೆ, ಇಬ್ಬರಲ್ಲಿ ಸಣ್ಣ ವಾದವೂ ಆಗುತ್ತದೆ. ಆ ವಾದದಲ್ಲಿ ಬಂದ ಹೆಸರುಗಳನ್ನು ಗುರುತಿಟ್ಟುಕೊಳ್ಳಿ. ಯಾರನ್ನು ಕೇಳಬೇಕೆಂದರೆ, ದಲಾಲಿ ಅಂಗಡಿಯ ಹಮಾಲರನ್ನು, ಟಂಟಂ ಓಡಿಸುವವರನ್ನು, ಹಂಗಾಮಿನಲ್ಲಾದರೆ ಕಬ್ಬಿನ ಟ್ರ್ಯಾಕ್ಟರಿನವರನ್ನು. ಮೈ ಮುರಿದು ದುಡಿಯುವವರು ಕೆಟ್ಟ ಊಟಕ್ಕೆ ಎರಡನೇ ಸಲ ರೊಕ್ಕ ಕೊಡುವುದಿಲ್ಲ.

ಖಾನಾವಳಿಗೆ ಹೊತ್ತು ನೋಡಿ ಹೋಗಬೇಕು. ಮಧ್ಯಾಹ್ನ ಒಂದರ ಸುಮಾರಿಗೆ ರೊಟ್ಟಿ ಬಡಿಯುವ ಸಪ್ಪಳ ಹೊರಗಿನ ತನಕ ಕೇಳುತ್ತಿರುತ್ತದೆ. ಮೂರರ ಮೇಲೆ ಹೋದರೆ ಬೆಳಿಗ್ಗೆಯ ಪಲ್ಯ, ತಣ್ಣಗಾದ ರೊಟ್ಟಿ. ತಾಟಿನಲ್ಲಿ ಎಣ್ಣಿಗಾಯಿ, ಮೊಳಕೆ ಮಡಕಿಕಾಳು, ಕೆಲವು ದಿನ ಜುಣಕ, ಅಂಚಿಗೆ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಗಟ್ಟಿ ಮೊಸರು, ಹೆಚ್ಚಿದ ಉಳ್ಳಾಗಡ್ಡಿ. ಮೆಂತ್ಯೆ ಸೊಪ್ಪನ್ನು ಹಸಿಯಾಗಿಯೇ ಇಡುತ್ತಾರೆ, ಹೊಸಬರು ಅಲಂಕಾರಕ್ಕೆಂದು ತಿಳಿದು ಬಿಟ್ಟೇಳುತ್ತಾರೆ. ಬಿಡಬೇಡಿ. ರೊಟ್ಟಿ ಮುರಿದು, ಹಿಂಡಿಗೆ ಮೊಸರು ಕಲೆಸಿ, ಜೊತೆಗೆ ಆ ಸೊಪ್ಪು ಕಡಿದಾಗಲೇ ಊಟ ಪೂರ್ತಿಯಾಗುವುದು. ಅಮಾವಾಸ್ಯೆ, ಜಾತ್ರೆ ಇದ್ದರೆ ಎಷ್ಟೋ ಖಾನಾವಳಿ ಬಾಗಿಲು ಹಾಕಿರುತ್ತವೆ, ಅದನ್ನೂ ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಇದೆಲ್ಲ ನಮ್ಮೂರಾದ ನಾಗನೂರ ಕಡೆಯ ಮಾತಾಯಿತು. ಪಶ್ಚಿಮಕ್ಕೆ ಹೊರಟು ಹುಕ್ಕೇರಿ ದಾಟಿ, ಸಂಕೇಶ್ವರದಲ್ಲಿ ಪುಣೆ-ಬೆಂಗಳೂರು ಹೆದ್ದಾರಿ ಹಾಯ್ದು, ಹಿರಣ್ಯಕೇಶಿಯ ಗುಂಟ ಗಡಿಂಗ್ಲಜಕ್ಕೆ ಹೋದರೆ ಮಹಾರಾಷ್ಟ್ರ. ಅಲ್ಲಿ ನಾವು ಬಾಯಿ ಬದಲಿಸುತ್ತೇವೆ. "ಮಾವಶಿ, ಜೇವಣ ಕುಠಂ ಚಾಂಗಲಂ ಮಿಳತಂ?" ಎಂದು ಮರಾಠಿಯಲ್ಲಿ ಕೇಳಿದರೆ, ನಮ್ಮ ಉಚ್ಚಾರ ಕೇಳಿದ ಆ ತಾಯಿ "ಯಾವೂರವ್ರಪ್ಪಾ ನೀವು?" ಎಂದು ಕನ್ನಡದಲ್ಲೇ ತಿರುಗಿ ಕೇಳಿದರೂ ಅಚ್ಚರಿಯಿಲ್ಲ. ಆ ತಾಲ್ಲೂಕಿನ ಎಷ್ಟೋ ಹಳ್ಳಿಗಳಲ್ಲಿ ಮನೆಮಾತು ಕನ್ನಡ. ಆದರೂ ಮೊದಲ ಮಾತು ಅವರ ನೆಲದ ಭಾಷೆಯಲ್ಲಿ ಆಡುವುದು ನಮ್ಮ ಹಿರಿಯರು ಕಲಿಸಿದ ರೀತಿ. ಇತ್ತ ನಮ್ಮಲ್ಲಿಯೂ ಹಾಗೇ. ಬೀಡ ಕಡೆಯಿಂದ ಕಬ್ಬು ಕಡಿಯಲು ಬರುವ ಗ್ಯಾಂಗಿನವರಿಗೆ ನಮ್ಮೂರ ಕಿರಾಣಿ ಅಂಗಡಿಯವರು ಮರಾಠಿಯಲ್ಲೇ ಲೆಕ್ಕ ಹೇಳುತ್ತಾರೆ. ಎರಡು ಭಾಷೆ ಬಲ್ಲವನಿಗೆ ಗಡಿಯ ಎರಡೂ ಕಡೆಯ ಒಲೆಗಳು ಗೊತ್ತಿರುತ್ತವೆ, ಇದು ನಮಗೆ ಸಿಕ್ಕ ದೊಡ್ಡ ಭಾಗ್ಯ.

ಕೊಲ್ಹಾಪುರದ ಮಿಸಳಕ್ಕೆ ಮುಂಜಾನೆಯೇ ಹೋಗಬೇಕು, ತಾಂಬಡಾ-ಪಾಂಢರಾ ರಸ್ಸಾಕ್ಕೆ ಮಧ್ಯಾಹ್ನ. ಆ ಕೆಂಪು ರಸ್ಸಾ ಕುಡಿದು ಕಣ್ಣಲ್ಲಿ ನೀರು ತಂದುಕೊಳ್ಳುವವರಿಗೆ ನಾನೊಂದು ಸಂಗತಿ ಹೇಳುತ್ತಿರುತ್ತೇನೆ. ಕೊಲ್ಹಾಪುರದವರ ಕಾಂದಾ-ಲಸೂಣ ಮಸಾಲೆಗೆ ಬಣ್ಣಕ್ಕೆಂದು ಬ್ಯಾಡಗಿ, ಖಾರಕ್ಕೆಂದು ಸಂಕೇಶ್ವರಿ ಮೆಣಸಿನಕಾಯಿ ಕೂಡಿಸಿ ಕುಟ್ಟುವುದು ಹಳೇ ರೂಢಿ. ಬ್ಯಾಡಗಿ ಹಾವೇರಿ ಜಿಲ್ಲೆಯದು, ಸಂಕೇಶ್ವರ ಹುಕ್ಕೇರಿ ತಾಲ್ಲೂಕಿನದು. ಕೊಲ್ಹಾಪುರದ ಖ್ಯಾತಿಯಲ್ಲಿ ನಮ್ಮ ಹೊಲದ ಪಾಲೂ ಇದೆ. ಹೀಗಿರುವಾಗ 2022ರ ಕೊನೆಯಲ್ಲಿ ಗಡಿ ತಂಟೆ ಮತ್ತೆ ಎದ್ದು, ಬಸ್ಸುಗಳಿಗೆ ಮಸಿ ಬಳಿದು, ಎರಡೂ ರಾಜ್ಯಗಳ ಸಾರಿಗೆ ಆಗಾಗ ನಿಂತಾಗ ನನಗೆ ತುಂಬ ನೋವಾಯಿತು. ಬಸ್ಸು ನಿಂತರೆ ಆಸ್ಪತ್ರೆಗೆ ಹೊರಟವರಿಗೆ, ಲಗ್ನಕ್ಕೆ ಹೊರಟವರಿಗೆ ತೊಂದರೆ. ಜೊತೆಗೆ ಸ್ಟ್ಯಾಂಡಿನ ಎದುರಿನ ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಹೆಣ್ಣುಮಗಳ ಆ ದಿನದ ಪಗಾರವೂ ಹೋಗುತ್ತದೆ.

ಊಟದ ಜೊತೆ ನೋಡುವುದಕ್ಕೂ ಇದೇ ದಾರಿ, ಕೇಳಿಕೊಂಡು ಹೋಗುವುದು. ಗೋಕಾಕ ಫಾಲ್ಸಿಗೆ ಬೇಸಿಗೆಯಲ್ಲಿ ಬಂದು ಬರೀ ಬಂಡೆ ನೋಡಿ ಬೇಸರದಿಂದ ಹೋದವರು ಬಹಳ. ಮೇಲೆ ಹುಕ್ಕೇರಿ ತಾಲ್ಲೂಕಿನಲ್ಲಿ ಹಿಡಕಲ್ ಜಲಾಶಯ ಘಟಪ್ರಭೆಯನ್ನು ಹಿಡಿದಿಟ್ಟಿದೆ, ಅದರ ಕೆಳಗೆ ಧೂಪದಾಳದ ಒಡ್ಡಿನಿಂದ ನೀರು ಕಾಲುವೆಗೆ ತಿರುಗುತ್ತದೆ. ಉಳಿದದ್ದು ಮಾತ್ರ ಫಾಲ್ಸಿನಲ್ಲಿ ಬೀಳಬೇಕು. ಅದಕ್ಕೇ ಸ್ಥಳೀಯರು ಹೊರಡುವ ಮುಂಚೆ "ಹಿಡಕಲ್‌ದಾಗ ನೀರ ಬಿಟ್ಟಾರೇನು?" ಎಂದು ವಿಚಾರಿಸುತ್ತಾರೆ. ಮಳೆಗಾಲದಲ್ಲಿ ನೀರು ಬಿಟ್ಟ ದಿನ ಹೋಗಿ ನಿಂತರೆ, ಸುಮಾರು 170 ಅಡಿ ಮೇಲಿನಿಂದ ಕೆಂಪು ನೀರು ಇಡೀ ಹೊಳೆಯ ಅಗಲಕ್ಕೆ ಬೀಳುತ್ತದೆ, ಪಕ್ಕದವರ ಮಾತು ಕೇಳುವುದಿಲ್ಲ. 1880ರ ದಶಕದಲ್ಲಿ ಶುರುವಾದ ನೂಲಿನ ಗಿರಣಿ ಈ ನೀರಿನ ಬಲದಿಂದಲೇ ನಡೆಯಿತು. ದಂಡೆಯ ಬಂಡೆಗಳು ಪಾಚಿಗಟ್ಟಿ ಜಾರುತ್ತವೆ, ಫೋಟೋಕ್ಕಾಗಿ ತುದಿಗೆ ಹೋಗಬೇಡಿ. ಪ್ರತಿ ಮಳೆಗಾಲದಲ್ಲಿ ನಾವು ಇದನ್ನು ಹೇಳುತ್ತಲೇ ಇದ್ದೇವೆ.

ಜನ ಫಾಲ್ಸು ನೋಡಿ ಗಾಡಿ ತಿರುಗಿಸುತ್ತಾರೆ. ಸ್ವಲ್ಪ ದೂರದಲ್ಲೇ ಮಾರ್ಕಂಡೇಯ ನದಿಯ ಗೊಡಚಿನಮಲ್ಕಿ ಇದೆ. ಕಾಡಿನ ಕಣಿವೆಯಲ್ಲಿ ಎರಡು ಹಂತವಾಗಿ ಬೀಳುವ ಆ ನೀರು ನನಗೆ ಫಾಲ್ಸಿಗಿಂತ ಹೆಚ್ಚು ಇಷ್ಟ. ಅಲ್ಲಿಗೆ ಹೋಗುವವರು ತಿನ್ನುವುದನ್ನು ಕಟ್ಟಿಕೊಂಡು ಹೋಗಬೇಕು, ಕಾಗದ-ಬಾಟಲಿಗಳನ್ನು ಮರಳಿ ತರಬೇಕು. ಹುಕ್ಕೇರಿಯಲ್ಲಿ ಆದಿಲ್‌ಶಾಹಿ ಕಾಲದ ಗುಮ್ಮಟಗಳಿವೆ. ಚಂದ್ರಶೇಖರ ಕಂಬಾರರನ್ನು ಓದಿದವರಿಗೆ ಅದೇ ತಾಲ್ಲೂಕಿನಲ್ಲಿ, ಘಟಪ್ರಭೆಯ ದಂಡೆಯಲ್ಲಿ ಅವರ ಹುಟ್ಟೂರು ಘೋಡಗೇರಿ ಇದೆ. ಜಾತ್ರೆಯ ದಿನಗಳಲ್ಲಿ ಬಂದರೆ ಎಲ್ಲಾದರೂ ಶ್ರೀಕೃಷ್ಣ ಪಾರಿಜಾತದ ಆಟ ಇದೆಯೇ ಎಂದು ಕೇಳಿ. ಆ ಆಟವನ್ನು ಬೆಳೆಸಿದ ಕುಲಗೋಡ ತಮ್ಮಣ್ಣನ, ಕೌಜಲಗಿ ನಿಂಗಮ್ಮನ ನೆಲ ಇದು. ಆಟ ಬೆಳಗಿನ ತನಕ ನಡೆಯುತ್ತದೆ, ಬಯಲಿನ ಅಂಚಿನಲ್ಲಿ ಮಿರ್ಚಿ ಭಜಿ, ಚುರಮುರಿ, ಚಹಾ ಸಿಗುತ್ತವೆ.

ಹೋಗುವಾಗ ಕರದಂಟು ಒಯ್ಯದೆ ಇರುವುದಿಲ್ಲ, ಸರಿ. ಆದರೆ ಡಬ್ಬಿಯ ಚಿತ್ರ ನೋಡಿ ಕೊಳ್ಳಬೇಡಿ. ಅಂಟನ್ನು ತುಪ್ಪದಲ್ಲಿ ಅರಳುವಂತೆ ಕರಿದು, ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ, ಬದಾಮಿ ಕೂಡಿಸಿ, ಬೆಲ್ಲದ ಪಾಕದಲ್ಲಿ ಕಟ್ಟುವುದು ಕರದಂಟು. ಅಂಟು ಸರಿಯಾಗಿ ಅರಳದಿದ್ದರೆ ಹಲ್ಲಿಗೆ ಹಿಡಿಯುತ್ತದೆ, ಪಾಕ ಮೀರಿದರೆ ಕಲ್ಲಾಗುತ್ತದೆ. ಬಾಣಂತಿಗೆ ಶಕ್ತಿ ಬರಲೆಂದು ಎರಡೂ ಭಾಷೆಯ ಮನೆಗಳಲ್ಲಿ ಅಂಟಿನ ಉಂಡಿ ಕಟ್ಟುವವರು ಇದನ್ನು ಕೈಯಲ್ಲಿ ಮುಟ್ಟಿಯೇ ಹೇಳಬಲ್ಲರು. ನೀವು ಅಂಗಡಿಯಲ್ಲಿ ಒಂದು ಚೂರು ಮುರಿದು ಕೊಡಿರೆಂದು ಕೇಳಿ. ಒಳ್ಳೆಯ ಅಂಗಡಿಯವರು ನೀವು ಕೇಳುವ ಮುಂಚೆಯೇ ಕೈಗಿಟ್ಟಿರುತ್ತಾರೆ: "ಮೊದ್ಲ ತಿಂದ ನೋಡ್ರಿ ಅಕ್ಕಾರ, ರೊಕ್ಕದ್ದು ಆಮ್ಯಾಗ ಮಾತಾಡೂಣು."