ಮಾತಿನ ಬಣ್ಣವೂ ಯಂತ್ರದ ಕಣ್ಣೂ

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳುವರು. ಕಣ್ಣಾರೆ ಕಂಡುದಕ್ಕೇ ಪ್ರಮಾಣವು ಬೇಕಾದರೆ, ದೂರದೇಶದ ಯುದ್ಧವನ್ನೂ ನೆರೆಯೂರಿನ ಗಲಭೆಯನ್ನೂ ಬೆಳಗಿನ ವೃತ್ತಪತ್ರಿಕೆಯಲ್ಲೋದಿ ನಂಬುವವನಿಗೆ ಎಷ್ಟು ಎಚ್ಚರವಿರಬೇಡ! ಸುದ್ದಿಯ ವೇಷದಲ್ಲಿ ಪ್ರಚಾರವು ಮನೆಯನ್ನು ಹೊಕ್ಕರೆ, ಅದು ಕದ ತಟ್ಟಿ ಬರುವುದಿಲ್ಲ.

1937ರಲ್ಲಿ ಅಮೆರಿಕೆಯ ನ್ಯೂಯಾರ್ಕ್ ನಗರದಲ್ಲಿ ಪ್ರಚಾರದ ವಿಮರ್ಶೆಗೆಂದೇ ಒಂದು ಸಂಸ್ಥೆಯು ಹುಟ್ಟಿತು. ಜನರ ಮನಸ್ಸನ್ನು ಅವರರಿಯದಂತೆ ಒಲಿಸಿಕೊಳ್ಳುವ 7 ಉಪಾಯಗಳನ್ನು ಅದು ಹೆಸರಿಟ್ಟು ತೋರಿಸಿತು. ಎದುರಾಳಿಗೆ ಹೀನವಾದ ಹೆಸರನ್ನಂಟಿಸುವುದು ಒಂದು. ಕಿವಿಗೆ ಇಂಪಾದ ಟೊಳ್ಳುಮಾತುಗಳನ್ನಾಡುವುದು ಇನ್ನೊಂದು. ಎಲ್ಲರೂ ಹೊರಟಿರುವರು, ನೀನೂ ಬಾ ಎಂದು ಕರೆಯುವುದು ಮತ್ತೊಂದು. ಇಸ್ಪೀಟಿನ ಎಲೆಗಳನ್ನು ತನಗೆ ಬೇಕಾದಂತೆ ಜೋಡಿಸಿಕೊಳ್ಳುವ ಜೂಜುಗಾರನ ಹಾಗೆ, ಅನುಕೂಲವಾದುದನ್ನು ಹೇಳಿ ಪ್ರತಿಕೂಲವಾದುದನ್ನು ಮರೆಮಾಡುವುದೂ ಅವುಗಳಲ್ಲೊಂದು. 1942ರಲ್ಲಿ, ಮಹಾಯುದ್ಧದ ನಡುವೆ, ಸಂಸ್ಥೆಯು ನಿಂತುಹೋಯಿತು, ಪಟ್ಟಿಯು ಉಳಿಯಿತು.

ಈಗ ಆ ಬಗೆಯ ಪರೀಕ್ಷೆಯನ್ನು ಗಣಕಯಂತ್ರಕ್ಕೆ ಕಲಿಸುತ್ತಿರುವರು. 2019ರಲ್ಲಿ ಕೆಲವು ವಿದ್ವಾಂಸರು 451 ಪತ್ರಿಕಾಲೇಖನಗಳನ್ನು ಆಯ್ದು, 18 ಉಪಾಯಗಳಲ್ಲಿ ಯಾವುದು ಯಾವ ಮಾತಿನಲ್ಲಡಗಿದೆಯೆಂದು ಮನುಷ್ಯರಿಂದಲೇ ಗುರುತು ಹಾಕಿಸಿದರು. ಆ ಗುರುತುಗಳಿಂದ ಕಲಿತ ಯಂತ್ರವು, ತಾನು ಹಿಂದೆ ಕಾಣದ ಬರಹದಲ್ಲಿಯೂ ಅಂತಹುದನ್ನು ಊಹಿಸಿ ತೋರಿಸುವುದು. ಎಲ್ಲಕ್ಕಿಂತ ಹೆಚ್ಚಾಗಿ ಸಿಕ್ಕಿದುದು ಭಾವವನ್ನು ಕೆರಳಿಸುವ ಪದಗಳೇ. ಮನುಷ್ಯನು ನೂರು ಪುಟಗಳಿಗೆ ದಣಿಯುವನು. ಯಂತ್ರಕ್ಕೆ ಲಕ್ಷ ಪುಟಗಳೂ ಲೆಕ್ಕವಲ್ಲ. ಇದು ಸಾಮಾನ್ಯವಾದ ಲಾಭವಲ್ಲ.

ಆದರೆ ಆ 18ರಲ್ಲಿ ಇಸ್ಪೀಟಿನ ಉಪಾಯಕ್ಕೆ ಎಡೆಯಿಲ್ಲ. ವಿದ್ವಾಂಸರು ಅದನ್ನು ತಿಳಿದೇ ಬಿಟ್ಟರು. ಮುಚ್ಚಿಟ್ಟುದು ಪುಟದ ಮೇಲೆ ಇರುವುದಿಲ್ಲವಷ್ಟೆ. ಅದನ್ನರಿಯಬೇಕಾದರೆ ಪುಟದ ಹೊರಗೆ ಹೋಗಿ ವಿಚಾರಿಸಬೇಕು. ನೆರೆಯಲ್ಲಿ ಬೆಳೆಯನ್ನೂ ಮಗನನ್ನೂ ಕಳೆದುಕೊಂಡ ರೈತನು ಅಧಿಕಾರಿಗಳನ್ನು ಕಟುವಾಗಿ ನಿಂದಿಸಿದರೆ, ಅವನ ಮಾತಿಗೆ ಯಂತ್ರವು ಪ್ರಚಾರವೆಂಬ ಗುರುತನ್ನು ಹಾಕೀತು. ಸತ್ತವರ ಸುದ್ದಿಯನ್ನೇ ಎತ್ತದೆ, ಮಳೆಯ ಅಂಗುಲಗಳನ್ನು ಮಾತ್ರ ಶಾಂತವಾಗಿ ಎಣಿಸಿದ ವರದಿಯು ನಿಷ್ಕಳಂಕವಾಗಿ ಪಾರಾದೀತು. ಹಾಗಾದಲ್ಲಿ ದುಃಖವೇ ಅಪರಾಧಿಯಾಗಿ, ಮೌನವೇ ಸತ್ಯವಂತನೆನಿಸಿಕೊಳ್ಳುವುದು.

ಇದಕ್ಕಾಗಿ ಯಂತ್ರವನ್ನು ಹಳಿಯಬೇಕಾದುದಿಲ್ಲ. ಒರೆಗಲ್ಲನ್ನೇ ಅಕ್ಕಸಾಲಿಯೆಂದು ಭ್ರಮಿಸದಿದ್ದರೆ ಸಾಕು. ಹೇಳಿದ ಮಾತಿನ ಬಣ್ಣವನ್ನು ಅದು ತೋರಿಸಲಿ. ಹೇಳದೆ ಬಿಟ್ಟುದೇನೆಂದು ಕೇಳುವ ಹೊಣೆಯು ಓದುಗನದು. ಒಂದು ಪತ್ರಿಕೆಯ ಪಕ್ಕದಲ್ಲಿ ಇನ್ನೊಂದನ್ನಿಟ್ಟು ಓದುವ ಮನೆಯಲ್ಲಿ ಆ ಪ್ರಶ್ನೆಯು ಬೇಗನೆ ಹುಟ್ಟುವುದು.