ಹಿತ್ತಾಳೆಗೆ ಬೆಂಕಿಯ ಬಿಡುವು

ಹಾಸನ ತಾಲ್ಲೂಕಿನ ಕಟ್ಟಾಯ ಸೀಮೆ ರಾಗಿ, ಆಲೂಗಡ್ಡೆಗಳ ಸೀಮೆ. ಇಲ್ಲಿನ ಹಳೆಯ ಮನೆಗಳ ಅಟ್ಟದಿಂದ ಹಿತ್ತಾಳೆಯ ಕೊಡವೊಂದನ್ನು ಇಳಿಸಿ, ಹುಣಸೆಹಣ್ಣು ಹಾಕಿ ತಿಕ್ಕಿ, ಬಿಸಿಲಿಗೆ ಹಿಡಿದು ನೋಡಬೇಕು. ಕೈಯಿಂದ ಬಡಿದು ಮಾಡಿದ ಕೊಡವಾದರೆ ಮೈತುಂಬ ಚಿಕ್ಕ ಚಿಕ್ಕ ಚಪ್ಪಟೆ ಗುರುತುಗಳು ಮಿನುಗುತ್ತವೆ. ಅವು ಸುತ್ತಿಗೆ ಇಟ್ಟ ಹೆಜ್ಜೆಗಳು. ಬೆಂಕಿಯ ಹೆಜ್ಜೆ ಮಾತ್ರ ಕಣ್ಣಿಗೆ ಕಾಣದು. ಆದರೆ ಆ ಬೆಂಕಿ ನಡುನಡುವೆ ಬಂದು ಕೈಹಿಡಿಯದಿದ್ದರೆ ತಗಡು ಕೊಡವಾಗುವ ಮೊದಲೇ ಸೀಳಿಹೋಗುತ್ತಿತ್ತು.

ಇದೇ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳವು ಗೊಮ್ಮಟನಿಗೆ ಪ್ರಸಿದ್ಧವೆಂಬುದನ್ನು ಯಾರಿಗೂ ಹೇಳಬೇಕಾಗಿಲ್ಲ. ಹಿತ್ತಾಳೆ ಪಾತ್ರೆಗಳ ತಯಾರಿಕೆಗೂ ಅದು ಒಂದು ಕಾಲಕ್ಕೆ ಹೆಸರಾಗಿತ್ತೆಂಬುದು ಅಷ್ಟಾಗಿ ನೆನಪಿನಲ್ಲಿಲ್ಲ. ವಿಂಧ್ಯಗಿರಿಯ ಮೇಲೆ ಉಳಿಯ ಕೆಲಸ, ಕೆಳಗಿನ ಬೀದಿಯಲ್ಲಿ ಸುತ್ತಿಗೆಯ ಕೆಲಸ! ಮೇಲಿನದನ್ನು ನೋಡಲು ಬಂದವರು ಕೆಳಗಿನದನ್ನು ಕೊಂಡು ಮನೆಗೆ ಒಯ್ದಿರಬೇಕು.

ಹಿತ್ತಾಳೆಯೆಂದರೆ ತಾಮ್ರ ಮತ್ತು ಸತುವಿನ ಬೆರಕೆ. ತಗಡಿಗೆ ಬಳಸುವ ಹಿತ್ತಾಳೆಯಲ್ಲಿ ಸಾಮಾನ್ಯವಾಗಿ ನೂರರಲ್ಲಿ 63ರಿಂದ 70 ಪಾಲು ತಾಮ್ರ. ಹೊಸ ಮೆದು ತಗಡು ಸುತ್ತಿಗೆಯ ಮಾತನ್ನು ಸುಲಭವಾಗಿ ಕೇಳುತ್ತದೆ. ಆದರೆ ಪೆಟ್ಟು ಬಿದ್ದಂತೆಲ್ಲ ಲೋಹದೊಳಗಿನ ಹರಳುಗಳು ನಲುಗಿ, ಒಂದಕ್ಕೊಂದು ತೊಡರಿ, ಬಿಗಿದುಕೊಳ್ಳುತ್ತವೆ. ತಗಡು ಸೆಟೆಯುತ್ತದೆ, ಪೆಟ್ಟಿನ ದನಿ ತೀಕ್ಷ್ಣವಾಗುತ್ತದೆ, ಸುತ್ತಿಗೆ ಪುಟಿದೇಳುತ್ತದೆ. ಇನ್ನೂ ಬಡಿದರೆ ಅಂಚಿನಲ್ಲಿ ಬಿರುಕು. ಅನುಭವಸ್ಥನು ಕಣ್ಣಿಗಿಂತ ಮೊದಲು ಕಿವಿಯಿಂದಲೇ ಇದನ್ನು ತಿಳಿಯುತ್ತಾನೆ.

ಆಗ ಬೇಕಾದುದು ಬೆಂಕಿ. ಸುಮಾರು 450ರಿಂದ 600 ಡಿಗ್ರಿ ಸೆಂಟಿಗ್ರೇಡಿನವರೆಗೆ ಕಾಸಿದರೆ ನಲುಗಿದ ಹರಳುಗಳ ಜಾಗದಲ್ಲಿ ಹೊಸ ಹರಳುಗಳು ಮೂಡಿ ತಗಡು ಮತ್ತೆ ಮೆದುವಾಗುತ್ತದೆ. ಕುಲುಮೆಯಲ್ಲಿ ಡಿಗ್ರಿಯ ಲೆಕ್ಕವೆಲ್ಲಿಯದು? ಮಬ್ಬುಗೆಂಪು ಬಣ್ಣವೇ ಅಳತೆ. ಆ ಕೆಂಪಾದರೋ ಬಿಸಿಲಿನಲ್ಲಿ ಕಾಣುವುದೇ ಇಲ್ಲ. ಬಯಲಿನಲ್ಲಿ ಕಾಸುವವನು ಬಣ್ಣ ಬರಲಿಲ್ಲವೆಂದು ಬೆಂಕಿ ಹೆಚ್ಚಿಸುತ್ತ ಹೋಗಿ ತಗಡನ್ನೇ ಕೆಡಿಸುತ್ತಾನೆ. ಈ ಕೆಲಸಕ್ಕೆ ನೆರಳೇ ಸರಿ.

ಹವ್ಯಾಸಕ್ಕಾಗಿ ಒಂದು ಬಟ್ಟಲನ್ನೋ ದೀಪದ ತಟ್ಟೆಯನ್ನೋ ಬಡಿಯಬಯಸುವವರಿಗೆ ಇಂದು ತಿದಿಯ ಬದಲು ಗ್ಯಾಸಿನ ಟಾರ್ಚು ಸಾಕು. ಜ್ವಾಲೆಯನ್ನು ಒಂದೇ ಕಡೆ ನಿಲ್ಲಿಸದೆ ತಗಡಿನುದ್ದಕ್ಕೂ ಆಡಿಸಬೇಕು. ಮಬ್ಬುಗೆಂಪು ಸುಳಿದೊಡನೆ ಬೆಂಕಿ ತೆಗೆಯಬೇಕು. ಅತಿಯಾಗಿ ಕಾಸಿದರೆ ಹರಳುಗಳು ದಪ್ಪವಾಗಿ, ಮುಂದೆ ಬಡಿದಾಗ ಮೈ ಕಿತ್ತಳೆ ಸಿಪ್ಪೆಯಂತೆ ಒರಟಾಗುತ್ತದೆ. ಇನ್ನೂ ಮೀರಿದರೆ ಸತುವು ಬಿಳಿಯ ಹೊಗೆಯಾಗಿ ಏಳುತ್ತದೆ. ಆ ಹೊಗೆ ಉಸಿರಿಗೆ ಸೇರಿದರೆ ಚಳಿಜ್ವರ ಬರುವುದುಂಟು. ಆದ್ದರಿಂದ ನೆರಳು ಬೇಕೆಂದು ಬಾಗಿಲು ಕಿಟಕಿ ಮುಚ್ಚಿ ಕೂರಬಾರದು. ಕೆಂಪಾಗಿರುವಾಗ ತಗಡನ್ನು ಬಾಗಿಸಲೂ ಬಾರದು. ಸೀಸ ಬೆರೆತ ಹಿತ್ತಾಳೆಯಾದರೆ ಮುರಿದೇ ಹೋದೀತು. ಕೆಂಪು ಆರಿದ ಮೇಲೆ ನೀರಿಗೆ ಹಾಕಬಹುದು, ಹಾಗೆಯೇ ಬಿಡಲೂಬಹುದು. ಉಕ್ಕಿನಂತೆ ನೀರು ಕುಡಿದು ಗಟ್ಟಿಯಾಗುವ ಸ್ವಭಾವ ಈ ತಗಡಿಗಿಲ್ಲ. ಕಪ್ಪು ಪೊರೆಯನ್ನು ಕಳೆಯುವುದಕ್ಕೆ ಅಡಿಗೆಮನೆಯ ಹುಣಸೆಹಣ್ಣು ಇದ್ದೇ ಇದೆ.

ಬಡಿದು ಮುಗಿಸಿದ ಪಾತ್ರೆಯೊಳಗೂ ಬಿಗಿ ಉಳಿದಿರುತ್ತದೆ. ಇದರ ಪರಿಣಾಮವನ್ನು ಬ್ರಿಟಿಷ್ ಸೈನ್ಯ ಭಾರತದಲ್ಲೇ ಕಂಡಿತು. ಮಳೆಗಾಲದಲ್ಲಿ ಕುದುರೆಲಾಯಗಳಲ್ಲಿ ಕೂಡಿಟ್ಟಿದ್ದ ತೋಟಾಗಳ ಹಿತ್ತಾಳೆ ಕೋಶಗಳು, ಯಾರೂ ಮುಟ್ಟದಿದ್ದರೂ, ತಾವಾಗಿ ಬಿರಿದವು! ಕುದುರೆಯ ಮೂತ್ರದಿಂದೇಳುವ ಅಮೋನಿಯವೂ ಲೋಹದೊಳಗಿನ ಬಿಗಿಯೂ ಸೇರಿ ಮಾಡಿದ ಕೆಲಸವಿದೆಂದು 1921ರಲ್ಲಿ ವಿಜ್ಞಾನಿಗಳು ವಿವರಿಸಿದರು. ಸುಮಾರು 300 ಡಿಗ್ರಿಯೊಳಗಿನ ಹಗುರವಾದ ಕಾಸುವಿಕೆ ಇದಕ್ಕೆ ಮದ್ದು. ಅದರಿಂದ ಬಿಗಿ ಸಡಿಲುತ್ತದೆ, ಗಟ್ಟಿತನ ಬಹುಮಟ್ಟಿಗೆ ಉಳಿಯುತ್ತದೆ.

ಸ್ಟೀಲು ಬಂದ ಮೇಲೆ ಕಲಾಯಿಯ ತಾಪತ್ರಯ ತಪ್ಪಿತೆಂದು ಮನೆಗಳು ನೆಮ್ಮದಿಪಟ್ಟವು. ಹಿತ್ತಾಳೆ ಅಟ್ಟ ಸೇರಿತು, ಎಷ್ಟೋ ಕಡೆ ತೂಕಕ್ಕೆ ಹೋಯಿತು. ಕೈಯಲ್ಲಿ ಬಡಿದ ಕೊಡವನ್ನು ಹಾಗೆ ಮಾರುವಾಗ ತಕ್ಕಡಿಗೆ ಬೀಳುವುದು ಲೋಹದ ತೂಕ ಮಾತ್ರ. ಇನ್ನೂ ಉಳಿಸಿಕೊಂಡಿರುವ ಮನೆಯವರು ಅದನ್ನು ದನದ ಕೊಟ್ಟಿಗೆಯ ಮೂಲೆಯಲ್ಲಿ ಇಡದಿರುವುದು ಲೇಸು. ಅಲ್ಲಿಯೂ ಅದೇ ಅಮೋನಿಯದ ಗಾಳಿ.